ಏಳು ಮೆಟ್ಟಿಲಿಳಿದು ನೀರಿಗೆ

ಮಗು ಹುಟ್ಟಿದರೆ ನಾಮಕರಣವುಂಟು. ಮನುಷ್ಯ ತೀರಿಕೊಂಡರೆ ಉತ್ತರಕ್ರಿಯೆಯುಂಟು. ಆದರೆ ಬಸಿರಿನಲ್ಲಿಯೇ ಅಳಿದ ಕೂಸಿಗೆ ಯಾವ ವಿಧಿಯುಂಟು? ಕ್ಯಾನ್ಸರ್ ಚಿಕಿತ್ಸೆಯನ್ನು ಮುಗಿಸಿ ಆಸ್ಪತ್ರೆಯಿಂದ ಹೊರಬಂದವಳಿಗೆ, ವಿಚ್ಛೇದನದ ತೀರ್ಪನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲಿಳಿದವಳಿಗೆ, ‘ಅದು ಮುಗಿಯಿತು, ಇನ್ನು ಮುಂದೆ ನಡೆ’ ಎಂದು ಹೇಳುವ ಶಾಸ್ತ್ರ ಯಾವುದು? ಇಂಥ ದುಃಖಗಳು ಸಾಮಾನ್ಯವಾಗಿ ಮೌನದಲ್ಲಿಯೇ ಕಳೆದುಹೋಗುತ್ತವೆ.

ಅಮೆರಿಕದ ಬಾಸ್ಟನ್ ನಗರದ ಬಳಿಯ ನ್ಯೂಟನ್ ಎಂಬ ಊರಿನಲ್ಲಿ ಕೆಲವರು ಯೆಹೂದಿ ಮಹಿಳೆಯರು ಈ ಪ್ರಶ್ನೆಗೆ ಉತ್ತರವನ್ನು ನೀರಿನಲ್ಲಿ ಅರಸಿದರು. ಕಾದಂಬರಿಕಾರ್ತಿ ಅನಿಟಾ ಡಯಮಂಟ್ ಅವರ ಮುಂದಾಳುತನದಲ್ಲಿ 2004ರಲ್ಲಿ ಅಲ್ಲಿ ‘ಮಯೀಮ್ ಹಯೀಮ್’ ಎಂಬ ಸ್ನಾನಗೃಹ ತೆರೆಯಿತು. ಹೀಬ್ರೂ ಭಾಷೆಯಲ್ಲಿ ಆ ಮಾತಿಗೆ ‘ಜೀವಂತ ಜಲ’ ಎಂದರ್ಥ.

ಕಟ್ಟಡ ಹೊಸದಾದರೂ ವಿಧಿ ಬಹು ಪ್ರಾಚೀನವಾದುದು. ಯೆಹೂದಿಗಳು ‘ಮಿಕ್ವೆ’ ಎಂದು ಕರೆಯುವ ಈ ಕೊಳದಲ್ಲಿ ಮಳೆಯಿಂದಲೋ ಬುಗ್ಗೆಯಿಂದಲೋ ತಾನಾಗಿ ಬಂದು ಸೇರಿದ ನೀರಿರಬೇಕು. ಕೈಯಿಂದ ಸೇದಿ ತುಂಬಿದ ನೀರು ಸಲ್ಲದು. ಅದರ ಪ್ರಮಾಣ 40 ‘ಸೆಆ’ಗಳಿಗೆ ಕಡಮೆಯಿರಬಾರದು. ಲೆಕ್ಕದಲ್ಲಿ ಮತಭೇದವಿದ್ದರೂ ಅದು ಸುಮಾರು 750 ಲೀಟರೆಂದು ಹೇಳುವುದುಂಟು. ಜರ್ಮನಿಯ ಸ್ಪೈಯರ್ ಪಟ್ಟಣದಲ್ಲಿ 12ನೆಯ ಶತಮಾನದ ಯೆಹೂದಿಗಳು ಅಂತರ್ಜಲ ಸಿಕ್ಕುವವರೆಗೆ, ಸುಮಾರು 10 ಮೀಟರ್ ಆಳಕ್ಕೆ, ಕಲ್ಲಿನ ಸೋಪಾನವನ್ನು ಇಳಿಸಿದ್ದರು. ಅದು ಇಂದಿಗೂ ಉಳಿದಿದೆ. ಊರಿನಲ್ಲಿ ಮಿಕ್ವೆ ಇಲ್ಲದಿದ್ದರೆ ಪ್ರಾರ್ಥನಾಮಂದಿರವನ್ನು ಮಾರಿಯಾದರೂ ಕಟ್ಟಿಸಬೇಕೆಂಬುದು ಅವರ ಧರ್ಮಶಾಸ್ತ್ರದ ಮತ.

ಇದು ಮೈಯ ಕೊಳೆ ತೊಳೆಯುವ ಸ್ನಾನವಲ್ಲ. ಕೊಳೆಯನ್ನು ಮೊದಲೇ ತೊಳೆದು, ಉಗುರು ಕತ್ತರಿಸಿ, ತಲೆಗೂದಲನ್ನು ಬಿಡಿಸಿ, ಉಂಗುರ ಓಲೆಗಳನ್ನು ಕಳಚಿಟ್ಟು, ದೇಹಕ್ಕೂ ನೀರಿಗೂ ನಡುವೆ ಒಂದು ನೂಲೂ ಇಲ್ಲದಂತೆ ಇಳಿಯಬೇಕು. ಒಂದು ಕೂದಲೂ ಮೇಲುಳಿಯದಂತೆ ಮುಳುಗಬೇಕು. ಮುಳುಗಿದವರು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟಿದರೆಂಬುದೇ ಅದರ ತಾತ್ಪರ್ಯ. ಯೆಹೂದಿ ಧರ್ಮವನ್ನು ಸ್ವೀಕರಿಸುವವರು ಈ ನೀರಿನಿಂದ ಯೆಹೂದಿಗಳಾಗಿ ಮೇಲೇಳುತ್ತಾರೆ.

ಹಿಂದೆ ಜೆರೂಸಲೇಮಿನ ದೇವಾಲಯಕ್ಕೆ ಹೋಗುವ ಗಂಡಸರಿಗೂ ಶುದ್ಧಿಯ ನಿಯಮಗಳಿದ್ದವು. ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ಕೆಡವಿದ ಮೇಲೆ ಅವುಗಳಲ್ಲಿ ಬಹುಪಾಲು ಬಳಕೆ ತಪ್ಪಿದವು. ಕಡ್ಡಾಯವಾಗಿ ಉಳಿದುದು ಮುಖ್ಯವಾಗಿ ವಿವಾಹಿತ ಸ್ತ್ರೀಯರ ಪಾಲಿಗೆ. ಮುಟ್ಟು ನಿಂತ ಮೇಲೆ ಏಳು ದಿನಗಳನ್ನು ಎಣಿಸಿ, ಕತ್ತಲಾದ ಬಳಿಕ ಮಿಕ್ವೆಯಲ್ಲಿ ಮುಳುಗುವವರೆಗೆ ಪತಿಪತ್ನಿಯರು ಪರಸ್ಪರ ಸ್ಪರ್ಶಿಸುವಂತಿಲ್ಲ. ಇದನ್ನು ದಾಂಪತ್ಯದ ಸೊಬಗೆಂದು ತಿಂಗಳು ತಿಂಗಳೂ ಪ್ರೀತಿಯಿಂದ ಪಾಲಿಸುವವರಿದ್ದಾರೆ. ಸ್ತ್ರೀದೇಹಕ್ಕೆ ಹಚ್ಚಿದ ಕಳಂಕವೆಂದು ತೊರೆದವರೂ ಇದ್ದಾರೆ.

ಈ ಎರಡೂ ಭಾವಗಳನ್ನು ಒಂದೇ ಜೀವಮಾನದಲ್ಲಿ ಕಂಡವರು ರೇಚಲ್ ಆಡ್ಲರ್. 1970ರ ದಶಕದ ಆರಂಭದಲ್ಲಿ, ಸಂಪ್ರದಾಯನಿಷ್ಠ ತರುಣಿಯಾಗಿದ್ದಾಗ, ಅವರು ಮಿಕ್ವೆಯನ್ನು ಸಾವು ಮತ್ತು ಮರುಹುಟ್ಟಿನ ಸಂಕೇತವೆಂದು ಸಮರ್ಥಿಸಿ ಬರೆದರು. ಆ ಲೇಖನದಿಂದ ಸಮಾಧಾನ ಪಡೆದ ಸ್ತ್ರೀಯರು ಅನೇಕರು. 1993ರಲ್ಲಿ ಅವರೇ ಅದನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. ಬರೆಹದಲ್ಲಿ ಎಲ್ಲರೂ ಅಶುದ್ಧರಾಗಿ ಎಲ್ಲರೂ ಶುದ್ಧರಾಗುತ್ತಾರೆ. ಆಚರಣೆಯಲ್ಲಿ ಆ ಹೊರೆ ಹೆಂಗಸರ ಮೇಲೆ ಮಾತ್ರ ಬೀಳುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ತನ್ನ ಮಾತನ್ನು ನಂಬಿದವರೆದುರು ‘ನಾನು ತಪ್ಪಿದೆ’ ಎನ್ನುವ ಧೈರ್ಯ ಪಂಡಿತರಲ್ಲಿ ಅಪರೂಪ.

ಹಾಗಾದರೆ ಕೊಳವನ್ನು ಮುಚ್ಚಿಬಿಡಬೇಕೆ? ನ್ಯೂಟನ್ನಿನವರು ಬೇರೊಂದು ದಾರಿ ಹಿಡಿದರು. ಹಳೆಯ ನಿಯಮದಂತೆ ಬರುವವರಿಗೂ ಅಲ್ಲಿ ಸ್ಥಳವುಂಟು. ಅವರೊಡನೆ ಗರ್ಭಪಾತದ ನೋವುಂಡವರು, ರೋಗದಿಂದ ಎದ್ದವರು, ಒಂಟಿಯಾದವರು, ಗಂಡಸರು ಕೂಡ, ಏಳು ಮೆಟ್ಟಿಲಿಳಿದು ಮುಳುಗುತ್ತಾರೆ. ಸಹಾಯಕ್ಕೆ ತರಬೇತಿ ಪಡೆದ ಮಾರ್ಗದರ್ಶಿಯುಂಟು. ಆಕೆ ಒಳಗೆ ಬರಬೇಕೋ ಬಾಗಿಲಾಚೆ ನಿಲ್ಲಬೇಕೋ ಎಂಬುದು ಬಂದವರ ಇಚ್ಛೆ.

ಈ ಬಾಗಿಲಿನ ಮಾತು ಸಣ್ಣದಲ್ಲ. ಮುಳುಗುವವರು ವಿವಸ್ತ್ರರು, ನಂಬಿಕೆಯೊಂದೇ ಅವರ ಹೊದಿಕೆ. 2014ರಲ್ಲಿ ವಾಷಿಂಗ್ಟನ್ ನಗರದಲ್ಲಿ ಒಬ್ಬ ಧರ್ಮಗುರುವೇ ಮಿಕ್ವೆಯಲ್ಲಿ ಗುಪ್ತ ಕ್ಯಾಮರಾ ಇಟ್ಟು ಸ್ತ್ರೀಯರ ಚಿತ್ರ ತೆಗೆದುದು ಬಯಲಾಯಿತು. ಆತ ಸೆರೆಮನೆ ಸೇರಿದ. ಇಸ್ರೇಲಿನಲ್ಲಿ ಪರಿಚಾರಿಕೆಯ ಕಣ್ಗಾವಲಿಲ್ಲದೆ ಏಕಾಂತದಲ್ಲಿ ಮುಳುಗುವ ಹಕ್ಕಿಗಾಗಿ ಮಹಿಳೆಯರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಗಬೇಕಾಯಿತು. 2016ರಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು.

ಮಿಕ್ವೆಯ ನೀರಿನ ಅಳತೆಯನ್ನು ಶಾಸ್ತ್ರ ಬಲು ಹಿಂದೆಯೇ ನಿಗದಿ ಮಾಡಿತು. ಆ ನೀರಿನ ಅಂಚಿನಲ್ಲಿ ಯಾರು ನಿಲ್ಲಬೇಕು, ಯಾವಾಗ ಇಳಿಯಬೇಕು, ಏತಕ್ಕಾಗಿ ಮುಳುಗಬೇಕು ಎಂಬುದನ್ನು ಇಳಿಯುವವಳೇ ನಿರ್ಧರಿಸುವ ಕಾಲ ಈಗಷ್ಟೇ ಬರುತ್ತಿದೆ. ನೀರು ಅದೇ; ಆದರೆ ಅಪ್ಪಣೆಯಿಂದ ಮುಳುಗುವುದಕ್ಕೂ ಮನಸ್ಸಿನಿಂದ ಮುಳುಗುವುದಕ್ಕೂ ಇರುವ ಅಂತರ ಬಹಳ ದೊಡ್ಡದು.