ಮೊಟ್ಟೆಯೋ ಬಾಳೆಹಣ್ಣೋ ಎಂದು ಕೇಳುವ ಹಾಗೆ

ಅಭ್ಯಾಸ ಬೋಧನೆಯ ಆರನೇ ಪಾಠಕ್ಕೆ ನನ್ನ ವೀಕ್ಷಣಾ ಹಾಳೆಯಲ್ಲಿ ಬಂದ ಷರಾ ಇದು: "ವಿಷಯಜ್ಞಾನ ಚೆನ್ನಾಗಿದೆ. ಕುಳಿತೇ ಪಾಠ ಮಾಡಿದರು. ತರಗತಿಯಲ್ಲಿ ಚಲನೆ ಇಲ್ಲ, ಉತ್ಸಾಹ ಸಾಲದು." ಬರೆದುದರಲ್ಲಿ ಸುಳ್ಳೇನೂ ಇರಲಿಲ್ಲ. ಅಂದು ಎಂಟನೇ ತರಗತಿಗೆ ಶಬ್ದದ ಪಾಠ. ಕಪ್ಪುಹಲಗೆಯ ಮೇಲೆ ಕಿವಿಯ ಚಿತ್ರ ಬರೆದು ಮಕ್ಕಳ ಕಡೆ ತಿರುಗಿದೆ, ಕೋಣೆಯೂ ತಿರುಗತೊಡಗಿತು. ಮೇಜು ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತೆ. ಎದುರು ಗೋಡೆಯ ಒಂದು ಮೊಳೆಯ ಮೇಲೆ ದೃಷ್ಟಿ ನೆಟ್ಟು ಉಳಿದ ಪಾಠ ಮುಗಿಸಿದೆ. ಪುಣ್ಯಕ್ಕೆ ಅಂದು ಬಂದದ್ದು ಸಣ್ಣ ಸುತ್ತು.

ನನಗಿರುವುದು ಮೆನಿಯರ್ ಕಾಯಿಲೆ. ಇಂಥ ತಲೆಸುತ್ತಿನ ಮೂಲ ಮಿದುಳಲ್ಲ, ಒಳಕಿವಿ ಎಂದು 1861ರಲ್ಲಿ ಹೇಳಿದ ಪ್ಯಾರಿಸಿನ ವೈದ್ಯ ಪ್ರಾಸ್ಪರ್ ಮೆನಿಯರ್ ಅವರ ಹೆಸರೇ ಅದಕ್ಕೆ ಉಳಿದಿದೆ. ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ಕಾಕ್ಲಿಯದ ಪಕ್ಕದಲ್ಲೇ ಮೂರು ಅರೆವೃತ್ತಾಕಾರದ ನಾಳಗಳಿವೆ. ತಲೆ ಯಾವ ಕಡೆಗೆ ತಿರುಗಿತು ಎಂದು ಮಿದುಳಿಗೆ ತಿಳಿಸುವುದು ಅವುಗಳ ಕೆಲಸ. ಈ ಕಾಯಿಲೆ ಇದ್ದವರ ಒಳಕಿವಿಯಲ್ಲಿ ದ್ರವ ಹೆಚ್ಚಾಗಿರುತ್ತದೆ. ಸುತ್ತು ಬಂದರೆ ಇಪ್ಪತ್ತು ನಿಮಿಷವೂ ಇರಬಹುದು, ಹಲವು ಗಂಟೆಗಳೂ ಇರಬಹುದು. ನನ್ನ ಬಲಗಿವಿಯಲ್ಲಿ ಗುಂಯ್ ಎನ್ನುವ ಸದ್ದು, ಕಿವಿ ಕಟ್ಟಿಕೊಂಡ ಹಾಗೆ ಭಾರ. ತಗ್ಗು ದನಿಗಳು ಒಂದು ದಿನ ಕೇಳಿಸುತ್ತವೆ, ಇನ್ನೊಂದು ದಿನ ಇಲ್ಲ. ಅದಕ್ಕೇ ನಾನು ಬಲಗಡೆ ಗೋಡೆ ಬರುವಂತೆ ತರಗತಿಯ ಮೂಲೆಯಲ್ಲಿ ನಿಲ್ಲುತ್ತೇನೆ.

ಇದರ ಜೊತೆಗೆ ನನಗೆ ಹಾಲು ಒಗ್ಗುವುದಿಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಸಣ್ಣಕರುಳಿನಲ್ಲಿ ಒಡೆಯಬೇಕಾದ ಲ್ಯಾಕ್ಟೇಸ್ ಕಿಣ್ವ ಕಡಿಮೆಯಾದರೆ ಅದು ಜೀರ್ಣವಾಗದೆ ದೊಡ್ಡಕರುಳಿಗೆ ಹೋಗುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಆಮೇಲೆ ಹೊಟ್ಟೆಯುಬ್ಬರ, ನುಲಿತ, ಭೇದಿ. ಮೊಸರಿನಲ್ಲಿ ಲ್ಯಾಕ್ಟೋಸ್ ಸ್ವಲ್ಪ ಕಡಿಮೆಯಾಗಿರುವುದರಿಂದ ಅದು ನನಗೆ ನಡೆಯುತ್ತದೆ.

ಎರಡೂ ಸೇರಿದರೆ ನಮ್ಮ ಕಡೆ ಬದುಕುವುದು ಸ್ವಲ್ಪ ಪೇಚು. ಕಿವಿಗಾಗಿ ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದಾರೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಟ್ಟಿದ್ದೇನೆ. ಆದರೆ ತಲೆಸುತ್ತು ಎಂದರೆ ಸಾಕು, "ಪಿತ್ತ ಕಣೇ, ನಿಂಬೆ ಶರಬತ್ತಿಗೆ ಉಪ್ಪು ಹಾಕಿ ಕುಡಿ" ಎನ್ನುತ್ತಾರೆ ಒಬ್ಬರು. "ನಿಶ್ಶಕ್ತಿ, ದಿನಾ ಒಂದು ಲೋಟ ಹಾಲು ಕುಡಿ" ಎನ್ನುತ್ತಾರೆ ಇನ್ನೊಬ್ಬರು. ಇಬ್ಬರದೂ ಪ್ರೀತಿಯೇ. ಏನಾಗುತ್ತದೆ ಎಂದು ಮಾತ್ರ ಇಬ್ಬರೂ ಕೇಳುವುದಿಲ್ಲ.

ಆ ಷರಾ ಓದಿ ಎರಡು ದಿನ ನನಗೆ ಸಿಟ್ಟಿತ್ತು. ಮೂರನೇ ದಿನ ನಡೆದದ್ದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಅಂದು ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಹಂಚುವಾಗ ನೋಡಿಕೊಳ್ಳುವ ಕೆಲಸ ನನಗೆ ಬಿದ್ದಿತ್ತು. ಎಂಟನೇ ತರಗತಿಯ ಒಬ್ಬ ಹುಡುಗಿ ನಲ್ಲಿಯ ಹಿಂದೆ ಹೋಗಿ ಲೋಟದ ಹಾಲನ್ನು ಚೆಲ್ಲುತ್ತಿದ್ದಳು. ಎಲ್ಲರೆದುರೇ ಗದರಿಸಿದೆ. "ಎಷ್ಟು ಮಕ್ಕಳಿಗೆ ಇದೂ ಸಿಗಲ್ಲ, ಗೊತ್ತಾ?" ಎಂದೆ. ಇನ್ನೊಂದು ಲೋಟ ಕೊಟ್ಟು ಕುಡಿಸಿದೆ. ಮೂರನೇ ಪೀರಿಯಡ್ಡಿನಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ಬೆಂಚಿಗೆ ತಲೆಯಿಟ್ಟು ಮಲಗಿದ್ದಳು. ಹತ್ತಿರ ಹೋಗಿ ಕೇಳಿದಾಗ ಮೆಲ್ಲಗೆ ಹೇಳಿದಳು: "ಹಾಲು ಕುಡಿದ್ರೆ ದಿನಾ ಹಿಂಗೇ ಆಗುತ್ತೆ ಮಿಸ್. ಪಾಠದ ಮಧ್ಯೆ ಹೊರಗೆ ಹೋಗೋಕೆ ನಾಚಿಕೆ. ಅದಕ್ಕೇ ಚೆಲ್ತಿದ್ದೆ."

ಹಾಲು ಕುಡಿದರೆ ಏನಾಗುತ್ತದೆ ಎಂದು ಆ ಶಾಲೆಯಲ್ಲಿ ಬೇರೆ ಯಾರಿಗಿಂತಲೂ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಾನು ಕೇಳಲಿಲ್ಲ. ನನ್ನ ಕುರ್ಚಿಯನ್ನು ನೋಡಿ "ಉತ್ಸಾಹ ಸಾಲದು" ಎಂದು ಬರೆದವರಿಗೂ, ಅವಳ ಲೋಟವನ್ನು ನೋಡಿ "ಕೊಬ್ಬು" ಎಂದುಕೊಂಡ ನನಗೂ ಏನು ವ್ಯತ್ಯಾಸ?

ಹಾಲು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. 2013ರ ಆಗಸ್ಟ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ಮಗುವಿಗೆ ಸಿಗುವುದು 150 ಮಿಲಿಲೀಟರ್ ಹಾಲು. ಬರಿಹೊಟ್ಟೆಯಲ್ಲಿ ಶಾಲೆಗೆ ಬರುವ ಮಕ್ಕಳಿಗೆ ಅದು ದೊಡ್ಡದು. ಆದರೆ ಅದೇ ಶಾಲೆಯಲ್ಲಿ ಮೊಟ್ಟೆ ಕೊಡುವ ದಿನ ನಾವು ಏನು ಮಾಡುತ್ತೇವೆ? ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತೇವೆ. ಮೊದಲೇ ಕೇಳಿ ಪಟ್ಟಿ ಮಾಡಿಕೊಳ್ಳುತ್ತೇವೆ. ಮನೆಯ ರೂಢಿಗೆ ಕೊಡುವ ಈ ಗೌರವವನ್ನು ಮಗುವಿನ ಕರುಳಿಗೂ ಕೊಡಬಹುದಲ್ಲ? ಯಾರಿಗೆ ಹಾಲು ಆಗಿಬರುವುದಿಲ್ಲ, ಅರ್ಧ ಲೋಟ ಸಾಕೇ ಎಂದು ಕೇಳಿ ಬರೆದಿಟ್ಟುಕೊಳ್ಳಲು ಹೊಸ ಯೋಜನೆ ಬೇಕಿಲ್ಲ.

ನಮ್ಮ ಕಾಲೇಜಿಗೂ ಇದೇ ಮಾತು. ಸೂಕ್ಷ್ಮ ಬೋಧನೆಯಲ್ಲಿ ಪ್ರಚೋದನಾ ಬದಲಾವಣೆ ಕೌಶಲವನ್ನು ನಾವೆಲ್ಲ ಅಭ್ಯಾಸ ಮಾಡಿದ್ದೇವೆ. ಅದರಲ್ಲಿ ಶಿಕ್ಷಕರ ಚಲನೆ ಒಂದು ಘಟಕ ಮಾತ್ರ. ಹಾವಭಾವ, ದನಿಯ ಏರಿಳಿತ, ಮೌನ, ಗಮನ ಕೇಂದ್ರೀಕರಿಸುವುದು ಇವೂ ಅದರಲ್ಲಿಯೇ ಇವೆ. ಓಡಾಡಲಾಗದವರು ಇವುಗಳಿಂದ ತರಗತಿಯನ್ನು ಹಿಡಿದಿಟ್ಟರೆ ಅಂಕ ಕೊಡಲು ಅಡ್ಡಿಯೇನು?

ಪ್ರಮಾಣಪತ್ರ ತನ್ನಿ ಎನ್ನಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಶ್ರವಣದೋಷಕ್ಕೆ ಅದು ಕೇಳುವುದು ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬೆಲ್ ನಷ್ಟ. ಒಂದೇ ಕಿವಿ ಕೆಟ್ಟ, ಇಂದು ಕೇಳಿ ನಾಳೆ ಕೇಳದ ನಾನು ಆ ಅಳತೆಗೆ ಸಿಗುವುದಿಲ್ಲ. ಕಾಗದ ಇಲ್ಲವೆಂದರೆ ತೊಂದರೆಯೇ ಇಲ್ಲವೆಂದಲ್ಲ.

ಎಲ್ಲರೂ ನೆಪ ಹೇಳತೊಡಗಿದರೆ? ಒಬ್ಬಿಬ್ಬರು ಹೇಳಿಯಾರು. ಅದರಿಂದ ನಮಗಾಗುವ ನಷ್ಟ ಒಂದು ಕುರ್ಚಿ, ಅರ್ಧ ಲೋಟ ಹಾಲು. ನಂಬದಿದ್ದರೆ ನಷ್ಟವಾಗುವುದು ಆ ಹುಡುಗಿಯ ಮೂರನೇ ಪೀರಿಯಡ್, ಅದೂ ದಿನಾ.

ತಪ್ಪು ನನ್ನದೂ ಇದೆ. ಶಿಕ್ಷಕಿಯಾಗಲು ನಾಲಾಯಕ್ಕು ಎಂದಾರೆಂಬ ಹೆದರಿಕೆಯಿಂದ ಕಾಯಿಲೆಯನ್ನು ಮುಚ್ಚಿಟ್ಟಿದ್ದೆ. ನಂತರ ಮಾರ್ಗದರ್ಶಕರಿಗೆ ಹೇಳಿದೆ. "ಮೊದಲೇ ಹೇಳಬಾರದಿತ್ತೇನಮ್ಮ?" ಎಂದರು, ಮುಂದಿನ ಪಾಠಕ್ಕೆ ಅವರೇ ಕುರ್ಚಿಯನ್ನು ಹಲಗೆಯ ಹತ್ತಿರ ಎಳೆದಿಟ್ಟರು. ಆದರೆ ಎಲ್ಲರಿಗೂ ಬಾಯಿಬಿಟ್ಟು ಹೇಳುವ ಧೈರ್ಯ ಬರುವುದಿಲ್ಲ. ಆದ್ದರಿಂದ ಮುಂದಿನ ವರ್ಷದ ಅಭ್ಯಾಸ ಬೋಧನೆಯ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಒಂದು ಸಾಲು ಅಚ್ಚಾಗಲಿ: "ಪಾಠ ಮಾಡುವಾಗ ನಿಮಗೆ ಯಾವ ಅನುಕೂಲ ಬೇಕು?"

ಆ ಹುಡುಗಿಯ ಹತ್ತಿರ ನಾನು ಕ್ಷಮೆ ಕೇಳಿದೆ. ತರಗತಿ ಶಿಕ್ಷಕರಿಗೆ ತಿಳಿಸಿ, ಅವಳ ತಾಯಿಗೂ ಹೇಳಿ ಕಳಿಸಿದೆವು. ಈಗ ಅವಳು ನಲ್ಲಿಯ ಹಿಂದೆ ಹೋಗುವುದಿಲ್ಲ. ಅರ್ಧ ಲೋಟ ಹಾಕಿಸಿಕೊಂಡು, ಗೆಳತಿಯರ ಜೊತೆ ಸಾಲಿನಲ್ಲೇ ಕುಳಿತು ಕುಡಿಯುತ್ತಾಳೆ.