ಹಿಮದ ನಾಡಿಗೆ ಹೊರಡುವ ಮುನ್ನ



ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬರ ಪತ್ನಿ ನನ್ನ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. "ಗುರುಗಳೇ, ಹಿಮದ ಮೇಲೆ ಜಾರಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ. ಸ್ವಿಟ್ಜರ್‌ಲೆಂಡಿನ ಖರ್ಚಿನ ಲೆಕ್ಕ ಹಾಕಿ ಇವರು ಕೈಚೆಲ್ಲಿ ಕುಳಿತರು. ಈಗ ಜಾರ್ಜಿಯಾಕ್ಕೆ ಹೋಗೋಣ ಎನ್ನುತ್ತಿದ್ದಾರೆ. ಹೆಸರು ಕೇಳದ ದೇಶ, ಮಕ್ಕಳನ್ನು ಕಟ್ಟಿಕೊಂಡು ಹೋಗಬಹುದೇ?" ಕಾಲಿಗೆ ಸ್ಕೀ ಹಲಗೆ ಕಟ್ಟಿದವನು ನಾನಲ್ಲ. ಜಾರುವ ವಿಷಯದಲ್ಲಿ ನನಗಿರುವ ಅನುಭವವೆಲ್ಲ ಮಳೆಗಾಲದಲ್ಲಿ ಮಠದ ಪಾವಟಿಗೆಗಳ ಮೇಲೆ ಪಡೆದದ್ದು. ಆದರೂ ಆ ತಾಯಿಯ ಆತಂಕ ಸಕಾರಣವಾದುದೆನಿಸಿ, ಓದಿ ವಿಚಾರಿಸಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಹಿಮಜಾರಾಟವೆಂದೊಡನೆ ಆಲ್ಪ್ಸ್ ಪರ್ವತಗಳ ನೆನಪಾಗುವುದು ಸಹಜ. ಆದರೆ ಹಿಮವನ್ನು ಯಾವ ಶ್ರೀಮಂತ ರಾಷ್ಟ್ರವೂ ಗುತ್ತಿಗೆ ಹಿಡಿದಿಲ್ಲ. ಮೊರಾಕ್ಕೊ ದೇಶದ ಮರಾಕೆಶ್ ನಗರದಿಂದ ಸುಮಾರು 80 ಕಿ.ಮೀ. ದೂರದ ಉಕಾಯ್‌ಮೆಡೆನ್‌ನಲ್ಲಿ ಆಫ್ರಿಕದ ಮಣ್ಣಿನ ಮೇಲೆಯೇ ಹಿಮಜಾರಾಟ ನಡೆಯುತ್ತದೆ. ಅಲ್ಲಿ ಜಾರುವವರನ್ನು ಇಳಿಜಾರಿನ ಬುಡಕ್ಕೆ ಕತ್ತೆಗಳೂ ಹೊತ್ತೊಯ್ಯುತ್ತವೆ. ದಕ್ಷಿಣ ಆಫ್ರಿಕದ ಮಡಿಲಲ್ಲಿರುವ ಪುಟ್ಟ ಲೆಸೊಥೊದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಅಲ್ಲಿನ ಹಿಮ ಬಹುಮಟ್ಟಿಗೆ ಯಂತ್ರಗಳಿಂದ ತಯಾರಾದುದು. ಬಲ್ಗೇರಿಯಾದ ಬೊರೊವೆಟ್ಸ್ 1896ರಲ್ಲಿಯೇ ಸ್ಥಾಪಿತವಾದ ಗಿರಿಧಾಮ. ಕಿರ್ಗಿಸ್ತಾನದ ಕರಾಕೋಲ್‌ನಲ್ಲಿ ಹಿಂದೆ ಸೋವಿಯತ್ ಕ್ರೀಡಾಪಟುಗಳು ತರಬೇತಿ ಪಡೆಯುತ್ತಿದ್ದರು. ಅಲ್ಲಿನ ಶಿಖರದಿಂದ ಕಾಣುವ ಇಸಿಕ್-ಕುಲ್ ಸರೋವರ ಕಡುಚಳಿಯಲ್ಲಿಯೂ ಹೆಪ್ಪುಗಟ್ಟುವುದಿಲ್ಲ. ಆದರೆ ಆ ನಾಡಿನ ಊಟದಲ್ಲಿ ಮಾಂಸವೇ ಪ್ರಧಾನವಾದುದರಿಂದ ನಮ್ಮ ಮನೆಗಳವರು ರೊಟ್ಟಿಯ ಗಂಟು ಕಟ್ಟಿಕೊಂಡೇ ಹೊರಡಬೇಕಾದೀತು.

ಇನ್ನು ಜಾರ್ಜಿಯಾ. ಇದು ಅಮೆರಿಕದ ಪ್ರಾಂತವಲ್ಲ. ಕಪ್ಪುಸಮುದ್ರದ ಪೂರ್ವಕ್ಕೆ, ಕಾಕಸಸ್ ಪರ್ವತಗಳ ಮಡಿಲಲ್ಲಿರುವ ಸ್ವತಂತ್ರ ರಾಷ್ಟ್ರ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ರಾಜಧಾನಿ ಟಿಬಿಲಿಸಿಯಿಂದ ಉತ್ತರಕ್ಕೆ, ಜಾರ್ಜಿಯನ್ ಮಿಲಿಟರಿ ರಸ್ತೆಯೆಂಬ ಹಳೆಯ ಘಟ್ಟದ ಹಾದಿಯಲ್ಲಿ ಸುಮಾರು 120 ಕಿ.ಮೀ. ಏರಿದರೆ ಗುಡೌರಿ ಎಂಬ ಊರು. ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರ. ಅಲ್ಲಿಂದ ಲಿಫ್ಟ್‌ಗಳು 3,200 ಮೀಟರ್‌ಗೂ ಮೇಲಕ್ಕೆ ಏರುತ್ತವೆ. ಗಿಡಮರಗಳಿಲ್ಲದ ಬೋಳು ಬೆಟ್ಟಗಳಾದುದರಿಂದ ನೋಟ ವಿಶಾಲ. ಅದೇ ಕಾರಣಕ್ಕೆ ಗಾಳಿ, ಮಂಜುಗಳ ಹಾವಳಿಯೂ ಹೆಚ್ಚು.

ಮಕ್ಕಳೊಂದಿಗೆ ಮೊದಲ ಬಾರಿ ಹೋಗುವವರಿಗೆ ನಾನು ಸೂಚಿಸುವುದು ಬಕುರಿಯಾನಿಯನ್ನು. ಸುಮಾರು 1,700 ಮೀಟರ್ ಎತ್ತರದಲ್ಲಿ ಕಾಡಿನ ನಡುವೆ ಇರುವ ಈ ಊರಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಕಿರುಹಳಿಯ ರೈಲು ಬಂದಿತ್ತು. ಮರಗಳು ಗಾಳಿಯನ್ನು ತಡೆಯುತ್ತವೆ. ಕಲಿಯುವವರಿಗೆ ತಕ್ಕ ಸೌಮ್ಯ ಇಳಿಜಾರುಗಳೂ ಇವೆ. 2023ರಲ್ಲಿ ಫ್ರೀಸ್ಟೈಲ್ ಸ್ಕೀ ಮತ್ತು ಸ್ನೋಬೋರ್ಡ್ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಇಲ್ಲಿಯೇ. ಈ ಊರಿನ ನೋದಾರ್ ಕುಮಾರಿತಾಶ್ವಿಲಿ ಎಂಬ 21 ವರ್ಷದ ತರುಣ 2010ರ ಫೆಬ್ರುವರಿ 12ರಂದು, ವ್ಯಾಂಕೂವರ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, ಹಿಮಗಾಡಿಯ ಅಭ್ಯಾಸದಲ್ಲಿ ಅಸುನೀಗಿದ. ಹಿಮದಲ್ಲಿಯೇ ಹುಟ್ಟಿ ಬೆಳೆದವರಿಗೂ ಹಿಮ ವಿನಾಯಿತಿ ತೋರುವುದಿಲ್ಲ.

ಆಹಾರದ ಮಾತಿನಲ್ಲಿ ನನಗೇ ಆಶ್ಚರ್ಯವಾಯಿತು. ಆರ್ಥೊಡಾಕ್ಸ್ ಕ್ರೈಸ್ತರಾದ ಅಲ್ಲಿನ ಜನ ಈಸ್ಟರ್ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಮಾಂಸ, ಮೊಟ್ಟೆ, ಹಾಲುಗಳನ್ನು ವರ್ಜಿಸುತ್ತಾರೆ. ಹೋಟೆಲುಗಳಲ್ಲಿ 'ಸಮರ್ಖ್ವೊ' ಎಂದು ಕೇಳಿದರೆ ಅಂಥ ವ್ರತದ ಅಡುಗೆ ಸಿಕ್ಕುತ್ತದೆ. ಹುರುಳಿಜಾತಿಯ ಕಾಳಿನ ಲೋಬಿಯೊ, ಮೆಕ್ಕೆಜೋಳದ ರೊಟ್ಟಿಯಂಥ ಮ್ಚಾದಿ, ಅಕ್ರೋಟ್ ಅರೆದು ತುಂಬಿದ ಬದನೆಕಾಯಿ! ಶೇಂಗಾ ಪುಡಿಯ ಎಣ್ಣೆಗಾಯಿ ತಿಂದು ಬೆಳೆದವರಿಗೆ ಈ ಕೊನೆಯದು ದೂರದ ನೆಂಟನಂತೆ ಕಂಡೀತು. ಅಲ್ಲಿನ ವ್ರತಕಾಲ ಹಿಮಜಾರಾಟದ ಕೊನೆಯ ವಾರಗಳಿಗೆ ಸಾಮಾನ್ಯವಾಗಿ ಹೊಂದಿಕೊಂಡೇ ಬರುತ್ತದೆ.

ಇಷ್ಟು ಹೇಳಿದ ಮೇಲೆ, ಹೇಳಲು ಮನಸ್ಸಿಲ್ಲದ ಸಂಗತಿಯನ್ನೂ ಹೇಳಲೇಬೇಕು. 2024ರ ಡಿಸೆಂಬರ್‌ನಲ್ಲಿ ಅದೇ ಗುಡೌರಿಯ ಭಾರತೀಯ ಉಪಾಹಾರ ಗೃಹವೊಂದರ ಮೇಲಂತಸ್ತಿನ ಮಲಗುವ ಕೋಣೆಗಳಲ್ಲಿ 12 ಜನರ ಶವಗಳು ದೊರೆತವು. ಅವರಲ್ಲಿ 11 ಮಂದಿ ನಮ್ಮ ದೇಶದವರು. ಪ್ರವಾಸಿಗಳಲ್ಲ, ಅಲ್ಲಿಯೇ ದುಡಿಯುತ್ತಿದ್ದವರು. ವಿದ್ಯುತ್ ಹೋದಾಗ ಕೋಣೆಗಳ ಸಮೀಪ, ಮುಚ್ಚಿದ ಜಾಗದಲ್ಲಿ ಜನರೇಟರ್ ಓಡಿಸಲಾಗಿತ್ತು. ಅದು ಕಾರಿದ ಕಾರ್ಬನ್ ಮಾನಾಕ್ಸೈಡ್ ಅನಿಲವೇ ಸಾವಿಗೆ ಕಾರಣವೆಂದು ತನಿಖೆಯಿಂದ ತಿಳಿಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಂದಿಗೆ ರಕ್ತ ಸೇರಿ ಪ್ರಾಣವಾಯುವಿನ ಸ್ಥಾನವನ್ನು ಅದು ಆಕ್ರಮಿಸುತ್ತದೆ. ನಿದ್ರೆಯಲ್ಲಿರುವವನಿಗೆ ಎಚ್ಚರವೇ ಆಗದು. ಪ್ರವಾಸಿಗಳಿಗೆ ಬಿಸಿಬಿಸಿ ರೊಟ್ಟಿ ಬಡಿಸಿ ಮಲಗಿದವರ ಗತಿ ಹೀಗಾಯಿತಲ್ಲ ಎಂದು ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಅದಕ್ಕೂ ಮೊದಲು, 2018ರ ಮಾರ್ಚ್ 16ರಂದು, ಗುಡೌರಿಯ ಕುರ್ಚಿ ಲಿಫ್ಟೊಂದು ಇದ್ದಕ್ಕಿದ್ದಂತೆ ಹಿಮ್ಮುಖವಾಗಿ ವೇಗದಿಂದ ಓಡತೊಡಗಿತು. ಕುಳಿತಿದ್ದವರು ಹಿಮಕ್ಕೆ ಹಾರಿಕೊಂಡರು, ಹಲವರು ಗಾಯಗೊಂಡರು. ಸಾವು ಸಂಭವಿಸದಿದ್ದುದೇ ಪುಣ್ಯ.

ಇಂಥವು ಆಲ್ಪ್ಸ್‌ನಲ್ಲಿ ನಡೆಯುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಹೆಚ್ಚು ಬೆಲೆಯ ಆ ಊರುಗಳಲ್ಲಿ ನಾವು ತೆರುವ ಹಣದ ಒಂದು ಪಾಲು ನಮಗೆ ಕಾಣದ ಕಾವಲಿಗೆ ಸಲ್ಲುತ್ತದೆ: ಬೆಳಗಿನ ಹಿಮಕುಸಿತದ ಸೂಚನೆ, ಇಳಿಜಾರಿನಲ್ಲಿ ಗಸ್ತು ತಿರುಗುವ ರಕ್ಷಕರು, ಹತ್ತಿರದಲ್ಲಿಯೇ ಮೂಳೆವೈದ್ಯರು. ಅಗ್ಗದ ನಾಡಿನಲ್ಲಿ ಉಳಿದ ಹಣದ ಬದಲಿಗೆ ಆ ಕಾವಲನ್ನು ನಾವೇ ವಿಚಾರಿಸಿಕೊಳ್ಳಬೇಕು. ತಂಗುವ ಮನೆಯಲ್ಲಿ ಚಳಿ ಕಾಯಿಸುವುದು ಯಾವುದರಿಂದ? ಜನರೇಟರ್ ಎಲ್ಲಿದೆ? ಅನಿಲದ ಎಚ್ಚರಿಕೆ ಗಂಟೆ ಇದೆಯೇ? ಆಸ್ಪತ್ರೆ ಎಷ್ಟು ದೂರ, ಹಿಮ ಬಿದ್ದು ರಸ್ತೆ ಮುಚ್ಚಿದರೆ ದಾರಿಯೇನು? ನಾಚಿಕೆಪಡದೆ ಪತ್ರ ಬರೆದು ಕೇಳಬೇಕಾದ ಪ್ರಶ್ನೆಗಳಿವು.

ಕಲಿಯುವವರು ಯಂತ್ರದಿಂದ ಹದಮಾಡಿದ, ಗುರುತು ನೆಟ್ಟ ಹಾದಿ ಬಿಟ್ಟು ಆಚೆ ಹೋಗಲೇಕೂಡದು. ಆಚೆಯ ಹೊಸ ಹಿಮ ನೋಡಲು ಹತ್ತಿಯಂತೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅದು ಪದರ ಪದರವಾಗಿ ಕಿತ್ತು ಕುಸಿಯುತ್ತದೆ. ಹೂತವರು ಬದುಕುವ ಆಸೆಯೆಲ್ಲ ಮೊದಲ 10-15 ನಿಮಿಷಗಳದ್ದು. ಆದಕಾರಣ ಬಲ್ಲವರು ಸಂಕೇತ ಯಂತ್ರ, ಶೋಧನೆಯ ಕೋಲು, ಸಲಿಕೆಗಳಿಲ್ಲದೆ ಅತ್ತ ಸುಳಿಯುವುದಿಲ್ಲ.

ವಿಮೆಯ ಮಾತು. 2026ರ ಜನವರಿ 1ರಿಂದ ಪ್ರವಾಸಿಗಳಿಗೆ ಆರೋಗ್ಯ ಮತ್ತು ಅಪಘಾತ ವಿಮೆಯನ್ನು ಜಾರ್ಜಿಯಾ ಕಡ್ಡಾಯಗೊಳಿಸಿದೆ. ಕಾಗದವಿದ್ದರೆ ಸಾಲದು, ಸಾಮಾನ್ಯ ಪ್ರವಾಸ ವಿಮೆಗಳು ಸಾಹಸ ಕ್ರೀಡೆಗಳನ್ನು ಹೊರಗಿಡುವುದೇ ಹೆಚ್ಚು. ಸಣ್ಣಕ್ಷರದಲ್ಲಿ 'ಸ್ಕೀಯಿಂಗ್' ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಕನ್ನಡಕ ಹಾಕಿಕೊಂಡು ಓದಬೇಕು.

ಕಾಲದ ತೊಡಕೂ ಇದೆ. ನಮ್ಮ ಮಕ್ಕಳ ದೊಡ್ಡ ರಜೆ ಏಪ್ರಿಲ್-ಮೇ. ಹಿಮದ ಸುಗ್ಗಿ ಜನವರಿ-ಫೆಬ್ರುವರಿ. ಡಿಸೆಂಬರ್ ಕೊನೆಯಲ್ಲಿ ಜನಸಂದಣಿ ಹೆಚ್ಚು, ಹಿಮ ಕಡಿಮೆಯಿರಬಹುದು. ಮೊದಲಿನಂತೆ ಹಿಮವನ್ನು ನಂಬಿ ಕೂರುವ ಕಾಲವೂ ಇದಲ್ಲ. ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಚಕಲ್ತಾಯಾ ಎಂಬ ಹಿಮನದಿಯ ಮೇಲೆ, 5,000 ಮೀಟರ್‌ಗೂ ಮೇಲೆ, ದಶಕಗಳ ಕಾಲ ಜನ ಜಾರಿದರು; ಜಗತ್ತಿನಲ್ಲೇ ಅತಿ ಎತ್ತರದ ಹಿಮಜಾರಾಟದ ತಾಣವೆಂಬ ಹೆಗ್ಗಳಿಕೆ ಅದರದಾಗಿತ್ತು. 2009ರ ವೇಳೆಗೆ ಆ ಹಿಮನದಿಯೇ ಕರಗಿ ಇಲ್ಲವಾಯಿತು.

ಆ ದಂಪತಿಗಳು ಬಕುರಿಯಾನಿಯನ್ನೇ ಆರಿಸಿದ್ದಾರೆ. ಮಕ್ಕಳ ಶಾಲೆಗೆ ಫೆಬ್ರುವರಿಯಲ್ಲಿ ಒಂದು ವಾರದ ರಜೆಯ ಅರ್ಜಿ ಬರೆದುಕೊಟ್ಟರಂತೆ. ತಂಗುವ ಮನೆಯವರಿಗೆ ಆ ತಾಯಿ ಪ್ರಶ್ನೆಗಳನ್ನು ಕಳುಹಿಸಿದ್ದರು. ಎಲ್ಲಕ್ಕೂ ವಿನಯದ ಉತ್ತರವೇ ಬಂದಿತು. ಅನಿಲದ ಎಚ್ಚರಿಕೆ ಗಂಟೆಯ ವಿಷಯ ಮಾತ್ರ ಬಿಟ್ಟುಹೋಗಿತ್ತು. ಮೊನ್ನೆ ಫೋನಿನಲ್ಲಿ, "ಗುರುಗಳೇ, ಮತ್ತೆ ಕೇಳಲು ಹೋಗಲಿಲ್ಲ. ಬ್ಯಾಟರಿಯಲ್ಲಿ ನಡೆಯುವಂಥದ್ದೊಂದನ್ನು ನಾವೇ ಕೊಂಡು ಮಕ್ಕಳ ಉಣ್ಣೆಯ ಅಂಗಿಗಳ ನಡುವೆ ಇಟ್ಟುಕೊಂಡಿದ್ದೇವೆ" ಎಂದರು.