ಸೋದರಮಾವನ ಮದುವೆ ಮತ್ತು ಮಾನವಶಾಸ್ತ್ರದ ಎರಡು ಪತ್ರಿಕೆಗಳು

ಇತ್ತೀಚೆಗೆ ಹೊರನಾಡ ಕನ್ನಡಿಗರ ವಧೂವರರ ಸಮಾವೇಶವೊಂದಕ್ಕೆ ಹೋಗಿದ್ದೆ. ಅಕ್ಕನ ಮಗಳನ್ನು ಮದುವೆಯಾಗುವ ‘ಅವೈಜ್ಞಾನಿಕ’ ಪದ್ಧತಿಯಿಂದ ಬಿಡುಗಡೆ ಹೊಂದಿದ್ದೇ ನಾವು ಊರು ಬಿಟ್ಟು ಬಂದುದರ ದೊಡ್ಡ ಲಾಭವೆಂದು ವೇದಿಕೆಯಲ್ಲಿದ್ದ ಹಿರಿಯರೊಬ್ಬರು ಸಾರಿದರು. ಸಭೆ ಚಪ್ಪಾಳೆ ತಟ್ಟಿತು. ಅದೇ ಸಭೆಯಲ್ಲಿ ಹಂಚಿದ ಅರ್ಜಿಯಲ್ಲಿ ಜಾತಿ, ಒಳಪಂಗಡ, ಗೋತ್ರ ಅಥವಾ ಬೆಡಗು ಎಂಬ ಅಂಕಣಗಳಿದ್ದವು. ಅವನ್ನು ಖಾಲಿ ಬಿಡಬಾರದೆಂಬ ಸೂಚನೆಯೂ ಇತ್ತು.

ಈ ಬರಹ ಆ ಚಪ್ಪಾಳೆಗೆ ನನ್ನ ಪ್ರತಿಕ್ರಿಯೆ. ಆದರೆ ತಪ್ಪನ್ನು ಆ ಹಿರಿಯರ ಮೇಲಷ್ಟೇ ಹೊರಿಸಲಾರೆ. ಸ್ನಾತಕೋತ್ತರ ಮಟ್ಟದಲ್ಲಿ ನಾನು ಓದಿದ ಮಾನವಶಾಸ್ತ್ರವೂ ಈ ಅರೆತಿಳುವಳಿಕೆಯಲ್ಲಿ ಪಾಲುದಾರನೆಂಬುದು ನನ್ನ ಆರೋಪ.

ಮಹಾರಾಷ್ಟ್ರದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಓದುವಾಗ ದೈಹಿಕ ಮಾನವಶಾಸ್ತ್ರ ಒಂದು ಪತ್ರಿಕೆ, ಸಾಮಾಜಿಕ ಮಾನವಶಾಸ್ತ್ರ ಇನ್ನೊಂದು ಪತ್ರಿಕೆ. ಬೆಳಿಗ್ಗೆ ತಲೆಬುರುಡೆ, ಕ್ಯಾಲಿಪರ್, ರಕ್ತದ ಗುಂಪು; ಮಧ್ಯಾಹ್ನ ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ ಬರೆದು ವಂಶಾವಳಿ. ನನ್ನ ಮನೆತನದ ವಂಶಾವಳಿಯನ್ನು ಹಲಗೆಯ ಮೇಲೆ ಬರೆದಾಗ ಗೆರೆಗಳು ಹಿಂದಕ್ಕೆ ತಿರುಗಿಕೊಂಡವು. ನನ್ನಜ್ಜಿ ತನ್ನ ಸೋದರಮಾವನನ್ನೇ ಮದುವೆಯಾದವಳು. ಮಾಮನ ಮಗಳ ಮದುವೆಯನ್ನು ಬಲ್ಲ ಮರಾಠಿ ಸಹಪಾಠಿಗಳೂ ಇದನ್ನು ಕಂಡು ಬೆಚ್ಚಿ ನಕ್ಕರು. ಬೆಳಗಿನ ಅಧ್ಯಾಪಕರು ‘ಎಂಟರಲ್ಲೊಂದು’ ಎಂದರು. ಇಂಥ ದಾಂಪತ್ಯದ ಮಗುವಿಗೆ ಒಂದೇ ಪೂರ್ವಜರಿಂದ ಬಂದ ಒಂದೇ ವಂಶವಾಹಿ ಜೋಡಿಯಾಗಿ ಸಿಗುವ ಸಂಭವನೀಯತೆ ಅದು. ಸೋದರತ್ತೆ, ಸೋದರಮಾವಂದಿರ ಮಕ್ಕಳ ದಾಂಪತ್ಯದಲ್ಲಿ ಹದಿನಾರರಲ್ಲೊಂದು. ಮಧ್ಯಾಹ್ನದ ಅಧ್ಯಾಪಕರು ‘ವಿವಾಹಬಾಂಧವ್ಯ’ ಎಂದರು. ಇಬ್ಬರ ಮಾತೂ ಸರಿ. ಆದರೆ ಒಬ್ಬರು ಇನ್ನೊಬ್ಬರ ತರಗತಿಗೆ ಕಾಲಿಟ್ಟವರಲ್ಲ.

ಅಜ್ಜಿ ಹೆತ್ತ ಏಳು ಮಕ್ಕಳಲ್ಲಿ ಮೂರು ಉಳಿಯಲಿಲ್ಲ. ಅದಕ್ಕೆ ರಕ್ತಸಂಬಂಧ ಕಾರಣವೋ, ಮಲೇರಿಯಾವೋ, ಬಡತನವೋ, ಹದಿನಾಲ್ಕಕ್ಕೇ ತಾಯಿಯಾದದ್ದೋ? ಈ ಪ್ರಶ್ನೆಗೆ ಕ್ಯಾಲಿಪರ್ ಒಂದೇ ಉತ್ತರ ಕೊಡಲಾರದು. ಆಕೆಯ ಅತ್ತೆ ಆಕೆಯ ಸ್ವಂತ ತಾಯಿಯ ತಾಯಿ. ಆದ್ದರಿಂದ ಅಪರಿಚಿತರ ಮನೆಗೆ ಸೇರುವ ಭಯ ಅವಳಿಗಿರಲಿಲ್ಲ. ಆದರೆ ಗಂಡನ ಮೇಲೆ ದೂರು ಹೇಳಿಕೊಳ್ಳಲು ತವರಿಗೆ ಹೋದರೆ, ಅಲ್ಲಿ ಕೇಳುವವಳು ಅವನ ಅಕ್ಕನೇ. ಈ ಆಸರೆ ಮತ್ತು ಈ ಸೆರೆ ಯಾವ ಪ್ರಯೋಗಾಲಯದಲ್ಲೂ ಕಾಣುವುದಿಲ್ಲ. ಹಾಗೆಯೇ ಸತ್ತ ಮೂರು ಮಕ್ಕಳು ಮಧ್ಯಾಹ್ನದ ವಂಶಾವಳಿಯಲ್ಲಿ ಅಡ್ಡಗೆರೆ ಎಳೆದ ಚಿಹ್ನೆಗಳಾಗಿ ಉಳಿದರು.

ಸಮಾಜವನ್ನು ಮರೆತ ದೈಹಿಕ ಮಾನವಶಾಸ್ತ್ರ ಎಲ್ಲಿಗೆ ಹೋಗುತ್ತದೆಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ಸಾಕ್ಷಿಯಿದೆ. 1901ರ ಜನಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲೆ ಮೂಗಿನ ಅಗಲ ಹೆಚ್ಚಿದಷ್ಟೂ ಜಾತಿಯ ಅಂತಸ್ತು ಇಳಿಯುತ್ತದೆಂದು ನಂಬಿದ್ದ, ಅದನ್ನು ವಿಜ್ಞಾನವೆಂದು ಮುದ್ರಿಸಿದ. ಅಳತೆಯೇ ಒಂದು ಪಾಪವಲ್ಲ. ಅಳೆಯುವ ಮೊದಲೇ ಉತ್ತರವನ್ನು ಜಾತಿಯಿಂದ ಎರವಲು ಪಡೆದದ್ದು ಪಾಪ.

ದೇಹವನ್ನು ಮರೆತ ಸಾಮಾಜಿಕ ಮಾನವಶಾಸ್ತ್ರದ ಕಥೆ ಹೆಚ್ಚು ಸೊಗಸಾಗಿದೆ, ಅದಕ್ಕೇ ನಮಗೆ ಸುಲಭವಾಗಿ ಮೋಸವಾಗುತ್ತದೆ. ಕನ್ನಡದಲ್ಲಿ ತಾಯಿಯ ಸೋದರನೂ ಮಾವ, ಗಂಡನ ತಂದೆಯೂ ಮಾವ. ತಂದೆಯ ಸೋದರಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಮರಾಠಿಯಲ್ಲಿ ಮಾಮಾ ಬೇರೆ, ಸಾಸರಾ ಬೇರೆ. ನಮ್ಮ ನುಡಿಯೊಳಗೇ ಒಂದು ಮದುವೆಯ ನಿಯಮ ಅಡಗಿದೆ. 1871ರಲ್ಲಿ ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ತಮಿಳು, ತೆಲುಗುಗಳ ಜೊತೆಗೆ ಕನ್ನಡದ ಬಾಂಧವ್ಯಸೂಚಕ ಪದಗಳನ್ನೂ ಕೋಷ್ಟಕಕ್ಕೆ ಸೇರಿಸಿದ. 1953ರಲ್ಲಿ ಫ್ರಾನ್ಸಿನ ಲೂಯಿ ದ್ಯುಮೋ, ದ್ರಾವಿಡ ಬಾಂಧವ್ಯ ಪದಾವಳಿಯೇ ವಿವಾಹದ ಅಭಿವ್ಯಕ್ತಿಯೆಂದು ವಾದಿಸಿದ. ವಾದ ಗಟ್ಟಿಯಾದದ್ದೇ. ಆದರೆ ಆ ಸುಂದರ ರಚನೆಯೊಳಗೆ ಹೆರುವವರು, ಕಾಯಿಲೆ ಬೀಳುವವರು ಇದ್ದಾರೆಂಬುದು ಓದುಗನ ನೆನಪಿನಿಂದ ಜಾರುತ್ತದೆ.

ಈ ಎರಡನ್ನೂ ಒಂದೇ ಬದುಕಿನಲ್ಲಿ ನಿಭಾಯಿಸಿದವರು ಇರಾವತಿ ಕರ್ವೆ. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಯೂಜೆನ್ ಫಿಷರನ ಕೈಕೆಳಗೆ ತಲೆಬುರುಡೆಗಳನ್ನು ಅಳೆದು, ಗುರುವಿನ ಜನಾಂಗಶ್ರೇಷ್ಠತೆಯ ನಂಬಿಕೆಗೆ ಅವು ಆಧಾರ ಕೊಡುವುದಿಲ್ಲವೆಂದು ತೋರಿದವರು ಅವರು. 1939ರಿಂದ ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದು, 1953ರಲ್ಲಿ ಭಾರತದ ಬಾಂಧವ್ಯ ವ್ಯವಸ್ಥೆಯ ಮೇಲೆ ಗ್ರಂಥ ಬರೆದರು. 1968ರಲ್ಲಿ ಕೆ.ಸಿ. ಮಲ್ಹೋತ್ರರೊಡನೆ, ಸಮಾನ ಅಂತಸ್ತಿನ ಎಂಟು ಒಳಪಂಗಡಗಳನ್ನು ದೈಹಿಕವಾಗಿ ಹೋಲಿಸಿ, ಒಂದೇ ಜಾತಿಹೆಸರಿನ ಕೆಳಗೆ ಭಿನ್ನ ಗುಂಪುಗಳಿವೆಯೆಂದು ತೋರಿದರು. ಪುಣೆಯಲ್ಲಿರುವ ಕನ್ನಡಿಗರಾದರೂ ಈ ಹೆಸರನ್ನು ನೆನೆಯಬೇಕಿತ್ತು.

ಇನ್ನು ಸಭೆಯ ಆ ‘ವಿಜ್ಞಾನ’. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ನಡೆದ ನವಜಾತ ಶಿಶುಗಳ ಅಧ್ಯಯನದಲ್ಲಿ ಸುಮಾರು ಮೂರನೆಯ ಒಂದು ಭಾಗದ ದಾಂಪತ್ಯಗಳು ರಕ್ತಸಂಬಂಧದವು. ಅವುಗಳಲ್ಲಿ ಸೋದರಮಾವನ ಮದುವೆಗಳೇ ಹೆಚ್ಚು. ಅದರ ಅಪಾಯ ನಿಜ. ಅದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಹೈದರಾಬಾದಿನ ಸಿ.ಸಿ.ಎಂ.ಬಿ. ಮತ್ತು ಹಾರ್ವರ್ಡ್ ವಿಜ್ಞಾನಿಗಳು ಕೂಡಿ ಮಾಡಿದ ಸಂಶೋಧನೆಗಳನ್ನೂ ಓದಬೇಕು. 2013ರ ಪ್ರಬಂಧದ ಪ್ರಕಾರ ಈ ದೇಶದ ಜನ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ವ್ಯಾಪಕವಾಗಿ ಬೆರೆತರು. ಅನಂತರ ಒಳವಿವಾಹ ಬಿಗಿಯಾಯಿತು. 2017ರ ಪ್ರಬಂಧ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ಪರಿಶೀಲಿಸಿ, 81 ಗುಂಪುಗಳಲ್ಲಿ ಕೆಲವೇ ಪೂರ್ವಜರಿಂದ ಹಬ್ಬಿದ ಗುರುತು ಅತ್ಯಂತ ಗಾಢವಾಗಿದೆಯೆಂದು ಕಂಡಿತು. ಅಲ್ಲಿನ ಪ್ರಸಿದ್ಧ ನಿದರ್ಶನ ವೈಶ್ಯರದು: ಅವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯ ಮುನ್ನ ಕೊಡುವ ಒಂದು ಸ್ನಾಯು ಸಡಿಲಿಸುವ ಔಷಧ ಬೇಗ ಇಳಿಯದೆ ಉಸಿರಾಟಕ್ಕೇ ತೊಡಕಾಗುತ್ತದೆ. ಅಂದರೆ ಅಕ್ಕನ ಮಗಳನ್ನು ಬಿಟ್ಟರೂ ಅಂಕಣದೊಳಗೇ ಮದುವೆಯಾಗುತ್ತ ಬಂದರೆ, ಶತಮಾನಗಳ ನಂಟಸ್ತಿಕೆ ರಕ್ತದಲ್ಲಿ ಉಳಿದೇ ಇರುತ್ತದೆ. ಹಳ್ಳಿಯ ಪದ್ಧತಿಗೆ ‘ಅವೈಜ್ಞಾನಿಕ’ ಎನ್ನುವ ಸಭೆ, ತನ್ನ ಅರ್ಜಿಯ ಅಂಕಣಕ್ಕೆ ಆ ಮಾತನ್ನು ಏಕೆ ಅನ್ವಯಿಸುವುದಿಲ್ಲ? ಒಂದನ್ನು ಖಂಡಿಸಿದರೆ ಆಧುನಿಕರಾಗುತ್ತೇವೆ, ಇನ್ನೊಂದನ್ನು ಖಂಡಿಸಿದರೆ ಜಾತಿಯನ್ನೇ ಕಳೆದುಕೊಳ್ಳುತ್ತೇವೆ ಎಂಬುದೇ ಕಾರಣವಲ್ಲವೆ?

ಈ ಪ್ರಶ್ನೆಯನ್ನು ಕೇಳಲು ಎರಡು ಪತ್ರಿಕೆಗಳೂ ಒಂದಾಗಬೇಕು. ತಳಿವಿಜ್ಞಾನವೊಂದೇ ಇದ್ದರೆ ಒಳಪಂಗಡ ಬರಿಯ ‘ಮಾದರಿ’. ಸಮಾಜವಿಚಾರವೊಂದೇ ಇದ್ದರೆ ಕಾಯಿಲೆ ಹಣೆಬರಹ. ಜೊತೆಗೆ ಭಾಷೆ ಬೇಕು: ‘ಮಾವ’ ಎಂದಾಗ ಯಾವ ಮಾವ ಎಂದು ಕೇಳಲು ತಿಳಿಯದವನ ವಂಶಾವಳಿ ಮೊದಲ ಗೆರೆಯಲ್ಲೇ ತಪ್ಪುತ್ತದೆ. ಉನ್ನತ ಅಧ್ಯಯನವೆಂದರೆ ಇದು ಎಂದು ವಿಶ್ವವಿದ್ಯಾಲಯಗಳು ಒಪ್ಪುವವರೆಗೆ ಪದವಿಗಳು ಸಿಗುತ್ತವೆ, ತಿಳುವಳಿಕೆ ಸಿಗುವುದಿಲ್ಲ. ‘ಇದನ್ನು ಓದಿ ಹೊಟ್ಟೆ ತುಂಬುತ್ತದೆಯೆ’ ಎಂದು ಮಕ್ಕಳನ್ನು ತಡೆಯುವ ನಮ್ಮ ಪಾಲಕರೂ ಯೋಚಿಸಬೇಕು. ಎರಡೂ ಭಾಷೆಗಳಲ್ಲಿ ಬೆಳೆದ, ಮಾವನೂ ಮಾಮಾನೂ ಬೇರೆಯೆಂದು ಬಲ್ಲ ಹೊರನಾಡ ಮಕ್ಕಳಿಗಿಂತ ಈ ಶಾಸ್ತ್ರಕ್ಕೆ ತಕ್ಕವರು ಯಾರು?

ಅಜ್ಜಿಯನ್ನು ಯಾರೂ ಅಂದು ಒಪ್ಪಿಗೆ ಕೇಳಲಿಲ್ಲ. ನಮ್ಮ ಮಕ್ಕಳನ್ನು ಕೇಳುತ್ತೇವೆ, ಆದರೆ ಅಂಕಣ ತುಂಬಿದ ಮೇಲೆ. ಮುಂದಿನ ಸಮಾವೇಶದ ಅರ್ಜಿಯಿಂದ ಜಾತಿ, ಒಳಪಂಗಡಗಳ ಅಂಕಣಗಳನ್ನು ತೆಗೆಯಬೇಕೆಂಬ ಸೂಚನೆಯನ್ನು ವಾರ್ಷಿಕ ಮಹಾಸಭೆಯಲ್ಲಿ ಮಂಡಿಸಲಿದ್ದೇನೆ. ವಿಜ್ಞಾನಕ್ಕೆ ಚಪ್ಪಾಳೆ ತಟ್ಟಿದವರು ಅಂದು ಕೈಯೆತ್ತುತ್ತಾರೋ ನೋಡೋಣ.